ಇಸ್ತ್ರಿ ಕೋಣೆಯ ಇಂಗ್ಲಿಷ್

ಅಪ್‌ಡೌನ್ ಅತ್ತೆಗೆ ಆ ಅಡ್ಡಹೆಸರು ಅಂಟಿದ್ದು ಅವಳ ನಾಲಿಗೆಯಿಂದ. ಇಂಗ್ಲಿಷಿನ ಒಂದು ಕ್ರಿಯಾಪದವೂ ಆ ಬಾಯಿಂದ ಒಂಟಿಯಾಗಿ ಹೊರಬಿದ್ದದ್ದಿಲ್ಲ. ಹಿಂದೆ ಒಂದು ಅಪ್ಪೋ ಡೌನೋ ಔಟೋ ಆಫೋ ಅಂಟಿಕೊಂಡೇ ಬರುತ್ತಿತ್ತು. ಪಿಕ್ ಅಪ್, ಪುಟ್ ಡೌನ್, ವೈಪ್ ಆಫ್, ಥ್ರೋ ಔಟ್. ಕೇಳಿದವರು ನಕ್ಕರೆ ಅವಳಿಗೇನೂ ಬೇಜಾರಿರಲಿಲ್ಲ. “ನಗೋರು ನಗ್ಲಿ, ಹಲ್ಲಿಗೆ ಗಾಳಿ ಆಡುತ್ತೆ” ಎನ್ನುತ್ತಿದ್ದಳು. ಅಷ್ಟಕ್ಕೂ ಇಂಗ್ಲಿಷ್ ಕಲಿಸಿ ಎಂದು ಆ ಬೀದಿಯ ಜನ ಬಾಗಿಲು ತಟ್ಟುತ್ತಿದ್ದದ್ದು ನಕ್ಕವರ ಮನೆಯದಲ್ಲ, ಅವಳಿದ್ದ ಲಾಂಡ್ರಿಯದು.

ಲಾಂಡ್ರಿ ಅವಳ ತಮ್ಮನದು. ಮುಂದೆ ಬಟ್ಟೆ ಕೊಟ್ಟು ತೆಗೆದುಕೊಳ್ಳುವ ಕಟ್ಟೆ, ಅದರ ಹಿಂದೆ ಒಗೆಯುವ ಯಂತ್ರಗಳು, ಅವುಗಳ ಹಿಂದೆ ಇಸ್ತ್ರಿ ಕೋಣೆ. ಕೋಣೆಯ ಉದ್ದಕ್ಕೂ ಒಂದು ಮೇಜು, ಮೇಜಿನ ಮೇಲೆ ಅಲ್ಲಲ್ಲಿ ಸುಟ್ಟ ಕಲೆಯಿರುವ ಕಂಬಳಿ, ಗೋಡೆಗೆ ಸಾಲಾಗಿ ಹ್ಯಾಂಗರುಗಳು, ಯಾವಾಗಲೂ ಬಿಸಿ ಹತ್ತಿಯ ವಾಸನೆ. ಸಂಜೆ ಕೆಲಸ ಮುಗಿದು ಇಸ್ತ್ರಿಪೆಟ್ಟಿಗೆಗಳು ತಣ್ಣಗಾಗುವ ಹೊತ್ತಿಗೆ ಆ ಕೋಣೆ ಶಾಲೆಯಾಗುತ್ತಿತ್ತು. ಬೆಂಚಿಲ್ಲ, ಕಪ್ಪು ಹಲಗೆಯಿಲ್ಲ, ಪುಸ್ತಕವಂತೂ ಇಲ್ಲವೇ ಇಲ್ಲ. ಬಂದವರು ಬೀದಿಯ ತುದಿಯ ದೊಡ್ಡ ಹೋಟೆಲಿನಿಂದ ಬಂದ ಹಾಸಿಗೆ ಬಟ್ಟೆಯ ಗಂಟುಗಳ ಮೇಲೆ ಕೂರುತ್ತಿದ್ದರು. ಹೆಚ್ಚಿನವರು ಅದೇ ಹೋಟೆಲಿನ ಕೆಲಸದವರು. ಲಿಫ್ಟ್ ನಡೆಸುವವನು, ಮುಂಬಾಗಿಲ ಕಾವಲಿನವನು, ಕೋಣೆ ಗುಡಿಸುವ ಹೆಂಗಸರು. ಅವರ ಜೊತೆ ಅತ್ತೆಯ ಸೋದರಸೊಸೆ, ಎಂದರೆ ತಮ್ಮನ ಮಗಳು. ಹೋಟೆಲಿನ ಸ್ವಾಗತದ ಮೇಜಿನಲ್ಲಿ ನಿಲ್ಲುವವಳು. ಅವಳು ಅತ್ತೆ ಅತ್ತೆ ಎಂದು ಕರೆದೂ ಕರೆದೂ ಎಲ್ಲರಿಗೂ ಇವಳು ಅತ್ತೆಯೇ ಆಗಿಬಿಟ್ಟಿದ್ದಳು.

“ಇಂಗ್ಲಿಷ್ ಅಂದ್ರೆ ಗಾಬರಿ ಬೀಳ್ಬೇಡಿ. ಅದರಲ್ಲಿ ಮೈ ಬಗ್ಗಿಸಿ ದುಡಿಯೋ ಪದ ಒಂದು ಹಿಡಿಯಷ್ಟೇ. ಪುಟ್, ಟೇಕ್, ಗೆಟ್, ಗೋ, ಕಮ್, ಟರ್ನ್. ಮಿಕ್ಕಿದ್ದೆಲ್ಲ ಬಾಲ. ಬಾಲ ಬದಲಾಯ್ಸಿದ್ರೆ ಪ್ರಾಣಿನೇ ಬದಲಾಗುತ್ತೆ” ಎಂದು ಅತ್ತೆ ಹೊಸಬರಿಗೆ ಹೇಳುತ್ತಿದ್ದಳು. ಹೇಳಿ ಸುಮ್ಮನಾಗುವವಳಲ್ಲ. ಹ್ಯಾಂಗರಿನಿಂದ ಯಾರದೋ ಕೋಟು ತೆಗೆದು ಲಿಫ್ಟಿನವನಿಗೆ ತೊಡಿಸಿ “ಪುಟ್ ಆನ್” ಎಂದಳು. ಬಿಚ್ಚಿಸಿ “ಟೇಕ್ ಆಫ್” ಎಂದಳು. ಮಡಿಸಿ ಕಪಾಟಿಗೆ ಸೇರಿಸಿ “ಪುಟ್ ಅವೇ” ಎಂದಳು. ಪುಟ್ ಎಂದರೆ ಇಡು ಎಂದಷ್ಟೇ ಶಾಲೆಯಲ್ಲಿ ಉರು ಹೊಡೆದಿದ್ದ ಲಿಫ್ಟಿನವನಿಗೆ ತಲೆ ಗಿರ್ರೆಂದಿತು.

“ಇದೇನತ್ತೆ, ಒಂದೇ ಪದಕ್ಕೆ ಇಷ್ಟೊಂದು ವೇಷ?” ಎಂದ.

“ನಿನ್ನ ಭಾಷೆ ಏನು ಕಮ್ಮಿನಾ? ಎತ್ತು ಅನ್ನೋದು ಒಂದು. ಎತ್ತಿಡು ಬೇರೆ, ಎತ್ತಿಕೊ ಬೇರೆ, ಎತ್ತಿಹಾಕು ಅಂದ್ರೆ ಪೊಲೀಸರೇ ಬರ್ತಾರೆ. ಅವರು ಬಾಲಕ್ಕೆ ಒಂದು ಚೋಟುದ್ದ ಪದ ಕಟ್ತಾರೆ, ನಾವು ಬಾಲಕ್ಕೆ ಇನ್ನೊಂದು ಕೆಲಸಾನೇ ಕಟ್ತೀವಿ. ಲುಕ್ ಅಂದ್ರೆ ನೋಡು, ಲುಕ್ ಆಫ್ಟರ್ ಅಂದ್ರೆ ನೋಡ್ಕೊ. ಅಷ್ಟೇ.”

“ಮಗೂನ ನೋಡ್ಕೋತೀನಿ ಅಂತೀವಿ. ಜಗಳ ಆಡ್ದೋನಿಗೂ ನೋಡ್ಕೋತೀನಿ ಅಂತೀವಿ. ಎರಡಕ್ಕೂ ಲುಕ್ ಆಫ್ಟರಾ?”

“ಜಗಳ ಆಡ್ದೋನಿಗೆ ಕನ್ನಡದಲ್ಲೇ ಹೇಳು. ಅವನಿಗೆ ಅರ್ಥ ಆಗೋದು ಮುಖ್ಯ” ಎಂದಳು ಅತ್ತೆ, ಮತ್ತು ಗಂಟುಗಳ ಮೇಲೆ ಕೂತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ಸೊಸೆ ಒಮ್ಮೆ ಹೋಟೆಲಿನಿಂದ ಹೊಸದೊಂದನ್ನು ಹೊತ್ತು ತಂದಳು. ‘ಪುಟ್ ಅಪ್ ವಿತ್’. ಸಹಿಸಿಕೊಂಡು ಇರುವುದು ಎಂದರ್ಥವಂತೆ. ಅತ್ತೆ ಅದನ್ನು ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿದಳು. “ಸಹಿಸಿಕೊಳ್ಳೋಕೆ ಮೂರು ಪದ ಬೇಕಾಯ್ತಾ ಅವರಿಗೆ? ನಮಗೆ ಒಂದು ಪದಾನೂ ಖರ್ಚಾಗಲ್ಲ, ಬಾಯಿ ಮುಚ್ಕೊಂಡೇ ಮಾಡಿಬಿಡ್ತೀವಿ” ಎಂದಳು.

ಅವಳು ಹಾಗೆ ಹೇಳಬಲ್ಲವಳೇ. ಮದುವೆಯಾದ ಹೊಸದರಲ್ಲಿ ಗಂಡ ಕೈ ಎತ್ತಿದಾಗ ಒಮ್ಮೆ ಸುಮ್ಮನಿದ್ದಳು. ಮತ್ತೊಮ್ಮೆ ಎತ್ತಿದಾಗ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದಳು, ತಿರುಗಿ ನೋಡಲಿಲ್ಲ. ಆಗಿನ್ನೂ ಸಣ್ಣವನಾಗಿದ್ದ ತಮ್ಮನಿಗೆ ಹೊರೆಯಾಗಬಾರದೆಂದು ಒಂದು ದೊಡ್ಡ ಮನೆಗೆ ಕೆಲಸಕ್ಕೆ ಸೇರಿದಳು. ಆ ಮನೆಯ ಯಜಮಾನಿಗೆ ಇಂಗ್ಲಿಷ್ ಬಿಟ್ಟು ಬೇರೆ ಬಾರದು, ಅಥವಾ ಬಂದರೂ ಕೆಲಸದವರ ಮುಂದೆ ಬಾರದು. ಬೆಳಕು ಹರಿದರೆ ಗೆಟ್ ಅಪ್. ಆಮೇಲೆ ಹರಿ ಅಪ್, ಸ್ವೀಪ್ ಔಟ್, ಬ್ರಿಂಗ್ ಇನ್, ಟೇಕ್ ಅವೇ, ವಾಷ್ ಅಪ್, ಗೋ ಡೌನ್, ಕಮ್ ಬ್ಯಾಕ್. ಎದುರು ಮಾತಾಡಿದರೆ ಶಟ್ ಅಪ್. ಪಾಠ ಹೇಳುತ್ತಿದ್ದೇನೆ ಎಂದು ಯಜಮಾನಿಗೆ ಗೊತ್ತಿರಲಿಲ್ಲ, ಕಲಿಯುತ್ತಿದ್ದೇನೆ ಎಂದು ಇವಳಿಗೂ ಗೊತ್ತಿರಲಿಲ್ಲ. ತೋರುಬೆರಳು ಎತ್ತ ತಿರುಗುತ್ತದೋ ಅದು ಬಾಲದ ಅರ್ಥ ಎಂದು ಮೊದಮೊದಲು ಅಂದುಕೊಂಡಿದ್ದಳು. ಮೇಲಕ್ಕೆ ಹೋದರೆ ಅಪ್, ಬಾಗಿಲ ಕಡೆಗಾದರೆ ಔಟ್. ಆದರೆ ಪಾತ್ರೆ ತೊಳೆಯುವುದಕ್ಕೆ ವಾಷ್ ಅಪ್ ಯಾಕೆ? ತೊಟ್ಟಿಯೊಳಗಿನ ಪಾತ್ರೆ ಎಲ್ಲಿಯೂ ಮೇಲಕ್ಕೆ ಹೋಗುವುದಿಲ್ಲವಲ್ಲ?

ಬಹಳ ದಿನ ತಲೆ ಕೆಡಿಸಿಕೊಂಡು ಕೊನೆಗೆ ತಾನೇ ಒಂದು ತೀರ್ಮಾನಕ್ಕೆ ಬಂದಳು. ಅಲ್ಲಿ ಅಪ್ ಎಂದರೆ ಮೇಲಲ್ಲ, ಪೂರ್ತಿ. ಈಟ್ ಅಪ್ ಎಂದರೆ ತಟ್ಟೆ ಖಾಲಿಯಾಗಬೇಕು. ಕ್ಲೀನ್ ಅಪ್ ಎಂದರೆ ಒಂದು ಕಡ್ಡಿ ಉಳಿಯಬಾರದು. ನಾವು ತಿಂದುಬಿಡು, ಗುಡಿಸಿಬಿಡು ಎನ್ನುವ ಹಾಗೆ. ಆ ದಿನ ಅವಳು ತೊಳೆದ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಒಬ್ಬಳೇ ನಕ್ಕಳಂತೆ. ಆ ಮನೆಯಲ್ಲಿ ಅವಳದು ಅಂತ ಇದ್ದ ಮೊದಲ ಸಂತೋಷ ಅದು. ಹರೆಯ ಪೂರ್ತಿ ಅಲ್ಲೇ ಸವೆಯಿತು. ಮನೆ ಮಾರಿ ಯಜಮಾನಿ ಹೊರಟ ದಿನವೂ “ಲಾಕ್ ಅಪ್” ಎಂದಷ್ಟೇ ಹೇಳಿದಳು. ಹೋಗಿಬರುತ್ತೇನೆ ಎನ್ನಲಿಲ್ಲ. ಇವಳು ಬೀಗ ಹಾಕಿ, ಕೀಲಿಗೊಂಚಲನ್ನು ಅವಳ ಕೈಗೆ ಕೊಡದೆ ಮೆಟ್ಟಿಲ ಮೇಲೆ ಇಟ್ಟು ಬಂದಳು.

ಇಸ್ತ್ರಿ ಕೋಣೆಯ ಶಾಲೆಯಲ್ಲಿ ಅವಳು ಹಂಚಿದ್ದು ಆ ಮನೆಯಲ್ಲಿ ಸಂಪಾದಿಸಿದ ಇಂಗ್ಲಿಷನ್ನೇ. ಎಡವಟ್ಟಾದದ್ದೂ ಅಲ್ಲೇ.

ಲಿಫ್ಟಿನವನು ಕಲಿತದ್ದನ್ನು ಚಾಚೂ ತಪ್ಪದೆ ಪಾಲಿಸುವವನು. ಅತಿಥಿಗಳು ಲಿಫ್ಟಿನ ಬಾಗಿಲಿಗೆ ಬಂದರೆ ನಗುಮುಖದಿಂದ “ಗೆಟ್ ಇನ್” ಎನ್ನುತ್ತಿದ್ದ. ಒಳಗೆ ಇಕ್ಕಟ್ಟಾದರೆ “ಮೂವ್ ಓವರ್” ಎನ್ನುತ್ತಿದ್ದ. ಮಹಡಿ ಬಂದಾಗ ಬಾಗಿಲು ತೆರೆದು, ತಲೆಬಾಗಿ, ಬಹಳ ಮರ್ಯಾದೆಯಿಂದ “ಗೆಟ್ ಔಟ್” ಎನ್ನುತ್ತಿದ್ದ. ಒಬ್ಬ ಮುದುಕ ಅತಿಥಿ ಹೆದರಿ ತನ್ನದಲ್ಲದ ಮಹಡಿಯಲ್ಲಿಯೇ ಇಳಿದುಬಿಟ್ಟಿದ್ದನಂತೆ. ಅದು ಹೇಗೋ ನಗುವಿನಲ್ಲಿ ಕಳೆದುಹೋಯಿತು. ಸೊಸೆಯ ಪ್ರಸಂಗ ಹಾಗೆ ಕಳೆದುಹೋಗುವಂಥದ್ದಲ್ಲ. ಬಿಸಿನೀರು ಬರುತ್ತಿಲ್ಲವೆಂದು ಅತಿಥಿಯೊಬ್ಬಳು ಕೂಗಾಡುತ್ತ ಕೆಳಗಿಳಿದು ಬಂದಳು. ಸೊಸೆ ಒಂದಿಷ್ಟೂ ತಾಳ್ಮೆಗೆಡದೆ, ಅತ್ತೆ ಕಲಿಸಿದ ಒಪ್ಪವಾದ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. “ಕಾಮ್ ಡೌನ್. ಗೋ ಬ್ಯಾಕ್ ಅಪ್. ಟರ್ನ್ ಇಟ್ ಆನ್. ಹೋಲ್ಡ್ ಆನ್.” ಸಮಾಧಾನ ಮಾಡಿಕೊಳ್ಳಿ, ಮೇಲೆ ಹೋಗಿ, ನಲ್ಲಿ ತಿರುಗಿಸಿ ಸ್ವಲ್ಪ ಕಾಯಿರಿ ಎಂಬುದು ಅವಳ ಮನಸ್ಸಿನಲ್ಲಿದ್ದದ್ದು. ಅತಿಥಿಯ ಕಿವಿಗೆ ಬಿದ್ದದ್ದೇ ಬೇರೆ. ಮನೆಗೆಲಸದವಳಿಗೆ ಗದರುವ ಹಾಗೆ ನನಗೆ ಗದರಿದಳು ಎಂದು ಆಕೆ ಹೋಟೆಲಿನಲ್ಲೆಲ್ಲ ರಂಪ ಎಬ್ಬಿಸಿದಳು.

ಮಾರನೆಯ ಬೆಳಿಗ್ಗೆ ಹೋಟೆಲಿನ ಮ್ಯಾನೇಜರ್ ಖುದ್ದಾಗಿ ಲಾಂಡ್ರಿಗೆ ಬಂದ. ಮಾತು ಮೆತ್ತಗೆ, ಅಂಗಿ ಗರಿಗರಿ. ಆ ಗರಿಯೂ ಇದೇ ಲಾಂಡ್ರಿಯದು. ಅತ್ತೆ ಒಳಗೆ ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಯಂತ್ರ ನಿಂತಿದ್ದರಿಂದ ಪ್ರತಿ ಮಾತೂ ಕೇಳಿಸುತ್ತಿತ್ತು.

“ನಿಮ್ಮಕ್ಕ ನಮ್ಮ ಸ್ಟಾಫನ್ನ ಕೆಡಿಸ್ತಿದಾರೆ” ಎಂದ ಅವನು ತಮ್ಮನಿಗೆ. “ನಮ್ಮಲ್ಲಿಗೆ ಬರೋರು ದೊಡ್ಡ ಜನ. ಅವರಿಗೆ ಆರ್ಡರ್ ಮಾಡೋದಾ? ನಾವೇ ಒಬ್ಬ ಟೀಚರ್ ಇಡ್ತೀವಿ. ಈ ಕ್ಲಾಸ್ ನಿಲ್ಲಿಸಿಬಿಡಿ. ಇಲ್ಲಾಂದ್ರೆ ನಮ್ಮ ಬೆಡ್‌ಶೀಟ್‌ಗಳಿಗೆ ಬೇರೆ ಲಾಂಡ್ರಿ ನೋಡ್ಕೋಬೇಕಾಗುತ್ತೆ. ನಂಗೂ ಇಷ್ಟ ಇಲ್ಲ, ಏನ್ ಮಾಡ್ಲಿ.”

ಅವನು ಹೋದ ಮೇಲೆ ತಮ್ಮ ಒಳಗೆ ಬಂದು ಮೇಜಿಗೆ ಒರಗಿ ನಿಂತ. ಲಾಂಡ್ರಿಗೆ ಬರುವ ಬಟ್ಟೆಯಲ್ಲಿ ಮುಕ್ಕಾಲು ಪಾಲು ಹೋಟೆಲಿನದು. ಅದು ಅತ್ತೆಗೂ ಗೊತ್ತು, ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

“ನಿಲ್ಲಿಸಿಬಿಡಕ್ಕ” ಎಂದ. “ಯಾರನ್ನ ಉದ್ಧಾರ ಮಾಡ್ಬೇಕಾಗಿದೆ ಈಗ?”

“ನಾನೇನು ಕಳ್ಳತನ ಕಲಿಸಿದ್ನಾ?”

“ಒರಟುತನ ಕಲಿಸಿದೀಯ ಅಂತಾರೆ.”

ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. “ಅದೇ ಮಾತು ನನಗೆ ಅಂದಾಗ ಅದು ಇಂಗ್ಲಿಷು. ನನ್ನ ಹುಡುಗರು ಅಂದ್ರೆ ಒರಟುತನವಾ? ಅಷ್ಟು ವರ್ಷ ನಾನು ಕೇಳಿಸಿಕೊಂಡ್ನಲ್ಲ, ಆಗ ಯಾರೂ ಬಂದು ಕಂಪ್ಲೇಂಟ್ ಕೊಡ್ಲಿಲ್ವಲ್ಲ?”

ತಮ್ಮನೋ ಹೊಟ್ಟೆಪಾಡಿನ ಮಾತನ್ನೇ ಹಿಡಿದುಕೊಂಡು ನಿಂತ. ಮಾತಿಗೆ ಮಾತು ಬೆಳೆಯಿತು. ನಿನ್ನ ಹಟಕ್ಕೆ ನನ್ನ ಮಗಳ ಕೆಲಸವೂ ಹೋಗುತ್ತದೆ ಎಂದು ಕಡೆಯಲ್ಲಿ ಅವನು ಹೇಳಿದಾಗ ಅತ್ತೆ ಮತ್ತೆ ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡಳು. ಆ ಮಾತು ಅವಳ ಎದೆಗೆ ನಾಟಿತು.

ಇಡೀ ದಿನ ಅವಳು ಒಂದೇ ವಿಷಯವನ್ನು ಮಗುಚಿ ಮಗುಚಿ ನೋಡಿದಳು. ಆ ತರಗತಿ ಬಿಟ್ಟರೆ ತನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಈ ಜಗತ್ತಿನಲ್ಲಿ ಬೇರೆ ಏನೂ ಇರಲಿಲ್ಲ. ಇರುವ ಮನೆ ತಮ್ಮನದು, ಮಾಡುವ ಕೆಲಸ ತಮ್ಮನದು, ಹೋಟೆಲಿನ ಬಟ್ಟೆ ಹೋಟೆಲಿನದು. ಸಂಜೆ ಆ ಕೋಣೆಯಲ್ಲಿ ಎದ್ದು ನಿಂತಾಗ ಮಾತ್ರ ಜನ ಅವಳ ಬಾಯನ್ನೇ ನೋಡುತ್ತಿದ್ದರು. ಅದನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ. ಹಾಗೆಂದು ಮ್ಯಾನೇಜರ್ ಹೇಳಿದ್ದರಲ್ಲಿ ಸತ್ಯ ಚೂರೂ ಇಲ್ಲ ಎನ್ನುವಷ್ಟು ದಡ್ಡಿಯೂ ಅಲ್ಲ. ಯಜಮಾನಿ ತನ್ನ ಮೇಲೆ ಬೀಸಿದ ಚಾಟಿಯನ್ನೇ ತಾನು ಪಾಠವೆಂದು ಹಂಚಿಬಿಟ್ಟಿದ್ದಳು. ಪಡೆದುಕೊಂಡವರಿಗೆ ಅದು ಚಾಟಿ ಎಂದೇ ಗೊತ್ತಿರಲಿಲ್ಲ. ಅದನ್ನು ನೆನೆದು ಅವಳಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಮರುದಿನ ಮಧ್ಯಾಹ್ನ ಒಳ್ಳೆಯ ಸೀರೆಯುಟ್ಟು ಹೋಟೆಲಿಗೆ ಹೊರಟಳು. ಮ್ಯಾನೇಜರನ ಮುಂದೆ ನಿಂತು, ಅವನ ಇಂಗ್ಲಿಷಿನಲ್ಲೇ, ತರಗತಿ ನಿಲ್ಲಿಸುವುದಿಲ್ಲ ಎಂದು ಹೇಳಿ ಬರಬೇಕು ಎಂಬುದು ಅವಳ ಲೆಕ್ಕ. ದಾರಿಯಲ್ಲಿ ಆ ಮಾತನ್ನು ಬಾಯಲ್ಲೇ ಕಟ್ಟಲು ನೋಡಿದಳು. ಕಟ್ಟಲಾಗಲಿಲ್ಲ. ಸಿಟ್ ಡೌನ್ ಬಂತು, ಲಿಸನ್ ಬಂತು, ಗೋ ಅವೇ ಬಂತು. ‘ಐ’ ಎಂದು ಶುರು ಮಾಡಿದರೆ ಮುಂದಿನ ಪದವೇ ಸಿಗುತ್ತಿರಲಿಲ್ಲ. ಅಂಗಡಿಯೊಂದರ ಗಾಜಿನ ಮುಂದೆ ನಿಂತು ಮತ್ತೆ “ಐ” ಎಂದಳು. ಗಾಜಿನೊಳಗಿನ ಹೆಂಗಸು ಬಾಯಿ ತೆರೆದುಕೊಂಡು ನಿಂತಳು, ಅಷ್ಟೇ.

ಆಗ ಅವಳಿಗೆ ಹೊಳೆಯಿತು. ಅಷ್ಟು ವರ್ಷ ಕೇಳಿದ ಇಂಗ್ಲಿಷಿನಲ್ಲಿ ‘ನಾನು’ ಎಂಬುದೇ ಇರಲಿಲ್ಲ. ನೀನು ಹೇಗಿದ್ದೀಯ ಎಂದು ಯಜಮಾನಿ ಕೇಳಿದ್ದರೆ ತಾನೇ ನಾನು ಹೀಗಿದ್ದೇನೆ ಎಂದು ಇವಳು ಹೇಳಬೇಕಾದದ್ದು? ನಾಳೆಗೆ ಮುಂದೂಡುವುದಕ್ಕೆ ಪುಟ್ ಆಫ್ ಎನ್ನುತ್ತಾರೆ ಎಂಬುದೇ ಅವಳಿಗೆ ಮೊನ್ನೆಮೊನ್ನೆಯವರೆಗೆ ಗೊತ್ತಿರಲಿಲ್ಲ, ಯಾಕೆಂದರೆ ಕೆಲಸದವಳಿಗೆ ಯಾರೂ ನಾಳೆ ಮಾಡು ಎನ್ನುವುದಿಲ್ಲ. ಅವಳ ಬಳಿ ಇದ್ದದ್ದೆಲ್ಲ ಬೇರೆಯವರು ಅವಳಿಗೆ ಹೇಳಿದ ಮಾತು. ಅವಳು ಬೇರೆಯವರಿಗೆ ಹೇಳುವ ಮಾತು ಒಂದೂ ಇರಲಿಲ್ಲ. ಬೀದಿಯ ನಡುವೆ ಅತ್ತೆಗೆ ಅಳು ಬರುವಂತಾಯಿತು. ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದಳು.

ಕೆಲಸದವರು ಹಿಂದಿನ ಬಾಗಿಲಿನಿಂದ ಬರಬೇಕು ಎಂಬುದು ಆ ಹೋಟೆಲಿನ ಕಟ್ಟಳೆ. ಅವಳು ಮುಂದಿನ ಬಾಗಿಲಿಗೇ ಹೋದಳು. ಅಲ್ಲಿ ಕಾವಲಿದ್ದವನು ಅವಳ ಶಿಷ್ಯನೇ. ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಹಿಂದೆ ತಿರುಗಿ ನೋಡಿದ, ಬಾಗಿಲು ತೆರೆದು “ಕಮ್ ಇನ್ ಅತ್ತೆ” ಎಂದ.

ಮ್ಯಾನೇಜರ್ ತನ್ನ ಕೋಣೆಯಲ್ಲಿ ಅವಳನ್ನು ಕೂರಿಸಿ ಚೆನ್ನಾಗಿಯೇ ಮಾತಾಡಿಸಿದ. ಕೆಟ್ಟವನೇನಲ್ಲ. ತನ್ನ ಮೇಲಿನವರಿಗೆ ತಾನು ಉತ್ತರ ಕೊಡಬೇಕಲ್ಲ ಎಂದು ವಿವರಿಸುತ್ತ ಕೈ ಆಡಿಸಿದ, ಮೇಜಿನ ಮೇಲಿದ್ದ ಕಾಫಿ ಲೋಟ ಉರುಳಿಬಿತ್ತು. ಫೋನ್ ಎತ್ತಿ ಒಂದು ಮಾತು ಹೇಳಿದ. ಸ್ವಲ್ಪ ಹೊತ್ತಿಗೆ ಕ್ಲೀನಿಂಗಿನ ಮುದುಕನೊಬ್ಬ ಬಟ್ಟೆ ಹಿಡಿದು ಓಡಿಬಂದ. ಊಟದ ನಡುವೆ ಎದ್ದು ಬಂದಿದ್ದ. ಬಾಯಲ್ಲಿ ತುತ್ತು ಇನ್ನೂ ಇತ್ತು, ಎಂಜಲಾದ ಬಲಗೈಯನ್ನು ಬೆನ್ನ ಹಿಂದೆ ಮರೆಮಾಡಿ ಎಡಗೈಯಿಂದ ಒರೆಸತೊಡಗಿದ.

“ಕ್ಲಿಯರ್ ಇಟ್ ಅಪ್. ಹರಿ ಅಪ್” ಎಂದ ಮ್ಯಾನೇಜರ್, ಅವನತ್ತ ನೋಡದೆ. “ಟೇಕ್ ಇಟ್ ಅವೇ. ಗೋ ಆನ್.” ಮುದುಕ ಲೋಟ ಎತ್ತಿಕೊಂಡು ಹೋದ. ಮ್ಯಾನೇಜರ್ ಅತ್ತೆಯ ಕಡೆ ತಿರುಗಿ ಮತ್ತೆ ಮೆತ್ತಗಾದ. “ಸಾರಿ, ಏನೋ ಹೇಳೋಕೆ ಬಂದಿದ್ರಿ.”

“ಇದು ನನ್ನ ಪಾಠ” ಎಂದಳು ಅತ್ತೆ. “ಒಂದು ಅಕ್ಷರ ಆಚೆ ಈಚೆ ಇಲ್ಲ.”

ಮ್ಯಾನೇಜರ್ ನಾಚಲಿಲ್ಲ, ನಕ್ಕ. “ಸ್ಟಾಫಿಗೆ ಹಾಗೇ ಹೇಳ್ಬೇಕಮ್ಮ, ಕೆಲಸ ಆಗ್ಬೇಕಲ್ಲ. ಗೆಸ್ಟಿಗೆ ಹಾಗೆ ಹೇಳೋ ಹಾಗಿಲ್ಲ. ಯಾರಿಗೆ ಯಾವುದು ಅಂತ ನೀವು ಹೇಳ್ಕೊಟ್ಟಿಲ್ಲ, ಅದೇ ತಪ್ಪಾಗಿರೋದು.” ಆಮೇಲೆ ಏನೋ ಹೊಳೆದವನಂತೆ ಮುಂದೆ ಬಾಗಿದ. “ಒಂದು ಕೆಲಸ ಮಾಡಿ. ಆ ಕ್ಲಾಸ್ ಬಿಟ್ಟು ಇಲ್ಲಿಗೇ ಬನ್ನಿ. ಕ್ಲೀನಿಂಗಿನೋರನ್ನ ನೋಡಿಕೊಳ್ಳೋಕೆ ಒಬ್ರು ಬೇಕು. ನಿಮ್ಮ ಇಂಗ್ಲಿಷ್ ಅಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ.”

ಅತ್ತೆಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕುರ್ಚಿ, ಫ್ಯಾನು, ತಿಂಗಳು ತಿಂಗಳು ಸಂಬಳ, ತಮ್ಮನಿಗೆ ಹೋಟೆಲಿನ ಬಟ್ಟೆಯ ಗಂಟುಗಳೂ ಉಳಿಯುತ್ತವೆ. ಅವಳು ಮಾಡಬೇಕಾದದ್ದು ಇಷ್ಟೇ: ಯಜಮಾನಿ ನಿಲ್ಲುತ್ತಿದ್ದ ಜಾಗದಲ್ಲಿ ಹೋಗಿ ನಿಂತು, ಬಾಯಲ್ಲಿ ತುತ್ತಿಟ್ಟುಕೊಂಡವನಿಗೆ ಹರಿ ಅಪ್ ಎನ್ನಬೇಕು. ಮೇಜಿನ ಮೇಲೆ ಮುದುಕ ಒರೆಸಿಹೋದ ಒದ್ದೆ ಇನ್ನೂ ಆರಿರಲಿಲ್ಲ. ಅವಳು ಅದನ್ನೇ ನೋಡುತ್ತಿದ್ದಳು, ನೋಡುತ್ತ ನೋಡುತ್ತ ಎದ್ದು ನಿಂತಳು.

“ಐ” ಎಂದಳು. ಮ್ಯಾನೇಜರ್ ಕಾದ. “ಐ ವಿಲ್ ನಾಟ್ ಶಟ್ ಡೌನ್.”

ಬಂತಲ್ಲ ಎಂದು ಅವಳಿಗೇ ಬೆರಗಾಯಿತು. ಬಂದದ್ದು ನಿಲ್ಲುವ ಮೊದಲು ಇನ್ನೊಂದನ್ನೂ ಹೊರಗೆ ಹಾಕಿದಳು. “ಐ ವಿಲ್ ಗೋ ಆನ್.” ನಿಲ್ಲಿಸುವುದಿಲ್ಲ, ನಡೆಸಿಕೊಂಡು ಹೋಗುತ್ತೇನೆ. ಆ ಮಾತು ಅವಳದಾಗಿತ್ತು. ಯಾರೂ ಅದನ್ನು ಅವಳಿಗೆ ಹೇಳಿರಲಿಲ್ಲ.

“ನಿಮ್ಮಿಷ್ಟ” ಎಂದ ಮ್ಯಾನೇಜರ್. “ನಾಳೆಯಿಂದ ನಮ್ಮ ಬಟ್ಟೆ ಬರಲ್ಲ.”

ಬರಲಿಲ್ಲ. ಓಡದೆ ನಿಂತ ದೊಡ್ಡ ಯಂತ್ರದ ಮುಂದೆ ತಮ್ಮ ಕೂತುಬಿಟ್ಟ. ಅಕ್ಕನನ್ನು ಬೈಯಲಿಲ್ಲ, ಅದು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು. “ಗಾಡಿ ಕೊಡು” ಎಂದಳು ಅತ್ತೆ. ತಳ್ಳುಗಾಡಿ ತೆಗೆದುಕೊಂಡು ಬೆಳಿಗ್ಗೆಯಿಂದ ಮನೆ ಮನೆ ಅಲೆದಳು. ಕ್ಷೌರದ ಅಂಗಡಿಯ ಟವೆಲ್ಲು, ದಂತವೈದ್ಯರ ಬಿಳಿ ಕೋಟು, ಮಕ್ಕಳಿರುವ ಮನೆಯ ಸಮವಸ್ತ್ರ, ಸಿಕ್ಕಿದ್ದನ್ನೆಲ್ಲ ತುಂಬಿಕೊಂಡು ಬಂದಳು. ಹೋಟೆಲಿನ ಬಟ್ಟೆಗೆ ಅದು ಸರಿಸಾಟಿಯಲ್ಲ, ಸಣ್ಣ ಯಂತ್ರ ಓಡುವುದಕ್ಕೆ ಸಾಕು ಅಷ್ಟೇ. ಸಂಜೆ ಬೆವರು ಒರೆಸಿಕೊಳ್ಳುತ್ತ ಬಂದು ನೋಡಿದರೆ ಇಸ್ತ್ರಿ ಕೋಣೆಗೆ ತಮ್ಮ ಬೀಗ ಹಾಕಿರಲಿಲ್ಲ. ಅವನಿಂದ ಅಷ್ಟು ಸಿಕ್ಕಿತು, ಅವಳು ಹೆಚ್ಚಿಗೆ ಕೇಳಲಿಲ್ಲ.

ಹೋಟೆಲಿನವರು ಬರುತ್ತಾರೋ ಇಲ್ಲವೋ ಎಂಬ ಅನುಮಾನ ಅವಳಿಗಿತ್ತು. ಕೋಣೆ ಗುಡಿಸುವ ಹೆಂಗಸರು ಬರಲಿಲ್ಲ. ಕಾವಲಿನವನಿಗೆ ಹಿಂದಿನ ಗೇಟಿಗೆ ವರ್ಗವಾಗಿತ್ತು, ಅವನು ಬಂದ. ಲಿಫ್ಟಿನವನು ಬಂದ. ಸೊಸೆ ಬಂದಳು, ಇನ್ನೊಂದು ದೂರು ಬಂದರೆ ಮನೆಗೆ ಹೋಗಬೇಕಾಗುತ್ತದೆ ಎಂದು ಎಚ್ಚರಿಕೆ ಹೇಳಿಸಿಕೊಂಡು ಬಂದಿದ್ದಳು. ಗಂಟುಗಳಿಲ್ಲದ್ದರಿಂದ ಎಲ್ಲರೂ ಬರಿ ನೆಲದ ಮೇಲೆ ಕೂತರು.

“ಇಷ್ಟು ದಿನ ನಾನು ಕಲಿಸಿದ್ದು ಅರ್ಧ ಇಂಗ್ಲಿಷ್” ಎಂದಳು ಅತ್ತೆ. “ಇನ್ನರ್ಧ ನನಗೇ ಬರಲ್ಲ. ಎಲ್ರೂ ಸೇರಿ ಕಲಿಯೋಣ. ಇವತ್ತು ಯಾರೂ ಯಾರಿಗೂ ಆರ್ಡರ್ ಮಾಡೋ ಹಾಗಿಲ್ಲ. ಐ ಅಂತ ಶುರು ಮಾಡಿ. ಬಾಲ ಬಿಡ್ಬೇಡಿ.”

ಅದು ಅಷ್ಟು ಸುಲಭವಿರಲಿಲ್ಲ. ಹೇಳು ಎಂದರೆ ಏನು ಹೇಳುವುದು ಎಂದು ಯಾರಿಗೂ ತೋಚಲಿಲ್ಲ. ಕಾವಲಿನವನು ಚಾವಣಿ ನೋಡಿದ. ಮೊದಲು ಬಾಯಿಬಿಟ್ಟವಳು ಸೊಸೆ, “ಐಯಾಮ್ ವೋರ್ನ್ ಔಟ್” ಎಂದಳು. ಸವೆದುಹೋಗಿದ್ದೇನೆ, ಹೈರಾಣಾಗಿದ್ದೇನೆ ಎಂದು ಬಿಡಿಸಿ ಹೇಳಿದಳು. ಬೆಳಗಿನಿಂದ ನಗುಮುಖ ಹಾಕಿಕೊಂಡು ನಿಂತವಳ ಮಾತು ಅದು. ಲಿಫ್ಟಿನವನು, ಲಿಫ್ಟಿನಲ್ಲಿ ತನಗೊಂದು ಸ್ಟೂಲೂ ಇಲ್ಲ ಎಂಬುದು ಆಗತಾನೇ ನೆನಪಾದವನಂತೆ, “ಐ ವಾಂಟ್ ಟು ಸಿಟ್ ಡೌನ್” ಎಂದ. ಯಾರೂ ನಗಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಕ್ಲೀನಿಂಗಿನ ಮುದುಕ ನಿಂತಿದ್ದ. ಇದುವರೆಗೆ ಈ ಕೋಣೆಯ ಕಡೆ ತಲೆ ಹಾಕಿದವನಲ್ಲ. ಈ ವಯಸ್ಸಿನಲ್ಲಿ ನನಗ್ಯಾಕೆ ಇಂಗ್ಲಿಷು ಎಂದು ಕರೆದವರನ್ನೆಲ್ಲ ಕಳಿಸಿದ್ದವನು.

“ಹೊಸ ಪಾಠ ಅಂತ ಹೇಳಿದ್ರು” ಎಂದ, ಲಿಫ್ಟಿನವನನ್ನು ಗಲ್ಲದಿಂದಲೇ ತೋರಿಸುತ್ತ.

ಅತ್ತೆ ಸರಿದು ಜಾಗ ಮಾಡಿದಳು. ಸಿಟ್ ಡೌನ್ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. “ನಿಮಗೆ ಇಂಗ್ಲಿಷಲ್ಲಿ ಏನು ಹೇಳ್ಬೇಕು ಅಂತಿದೆ, ಹೇಳಿ. ಎಲ್ರೂ ಸೇರಿ ಕಟ್ಟೋಣ.”

ಮುದುಕ ಮೊದಲೇ ಯೋಚಿಸಿಕೊಂಡು ಬಂದಿದ್ದ. “ಆಮೇಲೆ ಒರೆಸ್ತೀನಿ, ಈಗ ಊಟ ಮಾಡ್ತಿದೀನಿ. ಇಷ್ಟೇ ಸಾಕು ನಂಗೆ.”

ಸೊಸೆ ಒಂದೊಂದಾಗಿ ಪದ ಹೊಂದಿಸಿದಳು, ಅತ್ತೆ ಬಾಲ ಸರಿಮಾಡಿದಳು. “ಐ ವಿಲ್ ಕ್ಲಿಯರ್ ಇಟ್ ಅಪ್ ಲೇಟರ್. ಐಯಾಮ್ ಈಟಿಂಗ್ ನೌ.” ಮುದುಕ ಹೇಳಿದ. ಮೊದಲ ಸಲ ನೆಲ ನೋಡಿಕೊಂಡು ಹೇಳಿದ. ಲಿಫ್ಟಿನವನು ಮ್ಯಾನೇಜರನ ಹಾಗೆ ಮುಂದೆ ನಿಂತು ಹುಬ್ಬು ಗಂಟಿಕ್ಕಿದ, ಮುದುಕ ಮತ್ತೆ ಹೇಳಿದ. ಕಡೆಗೊಮ್ಮೆ ತಲೆ ಎತ್ತಿ, ಲಿಫ್ಟಿನವನ ಕಣ್ಣಿಗೆ ಕಣ್ಣಿಟ್ಟು, ಅವಸರವಿಲ್ಲದೆ ಹೇಳಿದ. ಲಾಂಡ್ರಿಯ ಮುಂಭಾಗದ ಕಟ್ಟೆಯ ಬಳಿ ಟವೆಲ್ಲು ಮಡಿಸುತ್ತಿದ್ದ ತಮ್ಮ ಮಡಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದ.

“ನಾಳೆ ಹೇಳ್ತೀನಿ” ಎಂದು ಮುದುಕ ಎದ್ದ.

ಅತ್ತೆಗೆ ಆಗ ಮಾತ್ರ ಹೆದರಿಕೆಯಾಯಿತು. ತನಗೆ ಬಂದ ಕುತ್ತಾದರೆ ತಲೆ ಕೊಟ್ಟು ನಿಲ್ಲಬಲ್ಲಳು, ಇದು ಬೇರೆಯವರ ತಲೆ. “ಸ್ವಲ್ಪ ಯೋಚನೆ ಮಾಡಿ” ಎಂದಳು. “ಕೆಲಸ ಹೋದೀತು.”

“ಹೋದ್ರೆ ಹೋಗ್ಲಿ ಬಿಡಮ್ಮ” ಎಂದ ಮುದುಕ, ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ. “ಊಟನಾದ್ರೂ ಪೂರ್ತಿ ಆಗುತ್ತೆ.”